ನೆನಪಿರುವವರ ಮನೆಯ ಹೆಪ್ಪು

ನಮ್ಮ ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಯಲಬುರ್ಗಾದ ಅರ್ಧ ಊರು ಹೇಳುತ್ತದೆ. ಉಳಿದರ್ಧ ಊರಿನ ಮನೆಗಳಿಗೆ ಅವಳಿನ್ನೂ ಹೆಪ್ಪು ಕೇಳಲು ಹೋಗಿಲ್ಲ, ಅಷ್ಟೇ!

ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಗೂ ಮುಪ್ಪಿನ ಮರೆವಿಗೂ ನಂಟಿದೆ ಎಂದು ಮೊಬೈಲಿನಲ್ಲಿ ಯಾರೋ ಡಾಕ್ಟರರು ಹೇಳಿದರಂತೆ. ನಾವಾದರೆ ಕೇಳಿ ಸುಮ್ಮನಾಗುತ್ತೇವೆ. ಅಕ್ಕ ಬಿಟ್ಟಾಳೆಯೇ? ಮೊಸರಿನಲ್ಲಿರುವುದೂ ಅಂಥವೇ ಜೀವಿಗಳಲ್ಲವೇ? ನೆನಪು ಗಟ್ಟಿಯಿರುವ ಮುದುಕರ ಮನೆಯ ಹೆಪ್ಪು ತಂದು ನಮ್ಮ ಹಾಲಿಗೆ ಹಾಕಿದರೆ ಅವರ ನೆನಪೂ ಜೊತೆಗೆ ಬರಬೇಕಲ್ಲ! ಈ ತರ್ಕಕ್ಕೆ ಎದುರಾಡುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ನಗಬೇಡಿ. ನಮ್ಮವ್ವ ಕೊನೆಕೊನೆಗೆ ನಮ್ಮಿಬ್ಬರನ್ನೂ ಮರೆತಿದ್ದಳು. ರೊಟ್ಟಿ ಮುರಿದು ಬಾಯಿಗಿಟ್ಟರೆ, "ನೀವು ಯಾರ ಮನಿ ಮಕ್ಕಳವ್ವಾ? ದೇವರು ನಿಮ್ಮನ್ನ ಛಲೋ ಇಡಲಿ" ಎನ್ನುತ್ತಿದ್ದಳು. ಆ ಮರೆವು ನಮ್ಮಿಬ್ಬರಲ್ಲಿ ಯಾರಿಗೆ ಬರುತ್ತದೋ ಎಂಬ ಭಯ ಇಬ್ಬರಿಗೂ ಇದೆ. ಬಾಯಿಬಿಟ್ಟು ಆಡುವುದಿಲ್ಲ.

ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ. ಹೀಗಾಗಿ ಅಕ್ಕ ಹೊತ್ತು ಮುಳುಗುವ ಮುಂಚೆಯೇ ಬಟ್ಟಲು ಹಿಡಿದು ಹೊರಡುತ್ತಾಳೆ. ಒಮ್ಮೆ ನಾನೂ ಜೊತೆಗಿದ್ದೆ. ಹಣ್ಣು ಹಣ್ಣು ಮುದುಕಿಯೊಬ್ಬಳು ಅಕ್ಕನನ್ನು ದಿಟ್ಟಿಸಿ ನೋಡಿದಳು.

"ನನ್ನ ಮಗಳ ಲಗ್ನದಾಗ ಸಾರಿಗೆ ಉಪ್ಪಿಲ್ಲ ಅಂದಾಕಿ ನೀನ ಅಲ್ಲೇನು? ನಿನಗ ಹೆಪ್ಪಿಲ್ಲ!"

ಆ ಮಗಳಿಗೀಗ ಮೊಮ್ಮಕ್ಕಳಿದ್ದಾರೆ. ಬೇರೆಯವರಾಗಿದ್ದರೆ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದರು. ಅಕ್ಕ ಹಿಗ್ಗಿಹೋದಳು. "ನೋಡೋ ತಮ್ಮಾ, ಎಂಥಾ ನೆನಪು! ಇದನ್ನ ಬಿಡಬಾರದು!" ಎಂದು ಮುದುಕಿಯ ಕಾಲು ಹಿಡಿದು ಹೆಪ್ಪು ತಂದೇಬಿಟ್ಟಳು.

ನಿವೃತ್ತ ಮಾಸ್ತರರೊಬ್ಬರ ಮನೆಯ ಹೆಪ್ಪಿನ ಮೊಸರನ್ನೂ ತಿಂದಿದ್ದೇನೆ. ಎಂಥ ಹುಳಿ! ಮರೆತ ಮಗ್ಗಿಯೇನೂ ನೆನಪಾಗಲಿಲ್ಲ, ಬಾಯಲ್ಲಿ ಹಲ್ಲುಗಳಿರುವುದು ಮಾತ್ರ ಚೆನ್ನಾಗಿ ನೆನಪಾಯಿತು. "ಬಟ್ಟಲಾ ಬಳಿದು ತಿನ್ನೋ" ಎಂದು ಅಕ್ಕ ಎದುರಿಗೇ ಕುಳಿತಿದ್ದಳು.

ಮೊನ್ನೆ ಕೊಪ್ಪಳಕ್ಕೆ, ಡಾಕ್ಟರ ಹತ್ತಿರ ಹೊರಟಳು. "ನೀನೂ ಬಾ" ಎಂದಳು. ಅವಳ ಜೊತೆಗಿರಲೆಂದು ಹೋದೆ. ಡಾಕ್ಟರು ಮೊಸರಿನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ನಂಟು ಇರಬಹುದು ಅಂತ ಹುಡುಕಾಕತ್ತಾರ್ರಿ. ಮೊಸರು ಉಂಡ್ರ ಮರವು ಬರಂಗಿಲ್ಲ ಅಂತ ಮಾತ್ರ ಹೇಳಾಕ ಬರಂಗಿಲ್ಲ. ಇರ್ಲಿ, ಮರವು ಯಾರಿಗ್ರಿ?"

ನಾನು ಅಕ್ಕನತ್ತ ನೋಡಿದೆ. ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟಳು.

"ಇವಗ್ರಿ. ನನ್ನ ತಮ್ಮಗ."

"ಅಕ್ಕಾ! ನನಗೇನಾಗೈತಿ?"

"ಮಳಿಗಾಲದಾಗ ಒಂದಿನ ಬಸ್ ಇಳಿದು ಮನಿಗೆ ಬಂದಿ. ಬಾಗಿಲಾಗ ನಾನ ನಿಂತಿದ್ದೆ. 'ನಮ್ಮಕ್ಕ ಅದಾಳೇನ್ರಿ?' ಅಂತ ನನ್ನ ಕೇಳಿದಿ."

ನನಗದು ನೆನಪಿಲ್ಲ. ಎಷ್ಟು ತಡಕಾಡಿದರೂ ಇಲ್ಲ.

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಉಣ್ತಿದ್ದಿಲ್ಲ, ಮಲಗ್ತಿದ್ದಿಲ್ಲ. ನಾ ಒಬ್ಬಾಕಿ ಅಂಜಿದ್ರ ಸಾಕು ಅಂದ್ಕೊಂಡೆ."

"ಅಕ್ಕಾ, ನನಗೀಗ ಭಾಳ ಅಂಜಿಕಿ ಆಗಾಕತ್ತೈತಿ."

ಡಾಕ್ಟರ ಎದುರಿಗೇ ಅವಳು ನನ್ನ ಕೈ ಹಿಡಿದುಕೊಂಡಳು.

"ಆಗ್ಲಿ ತಗೋ. ಇನ್ನ ಇಬ್ಬರೂ ಕೂಡಿ ಅಂಜೋಣು."