ಟವರಿನ ಬುಡದ ಹೊಟ್ಟೆಕಿಚ್ಚು

ನನ್ನ ಹಣೆಬರಹವೇ ಹೀಗೆ, ಕೆಲಸ ನನ್ನದು, ಹೆಸರು ಇನ್ನೊಬ್ಬರದು. ಎಂಬತ್ತರ ದಶಕದಲ್ಲಿ ಅಮೆರಿಕದ ಸ್ಯಾನ್ ಮಟಿಯೋದ ಒಂದು ಕ್ರಿಶ್ಚಿಯನ್ ರೇಡಿಯೋ ಸ್ಟೇಶನ್ನಿನಲ್ಲಿ ಇಂಜಿನಿಯರಾಗಿದ್ದಾಗಂತೂ ಇದು ವಾರಕ್ಕೊಮ್ಮೆ ಆಗುತ್ತಿತ್ತು. ಮೈಸೂರಿನ ಪುರೋಹಿತರ ಮಗನಿಗೆ ಅಲ್ಲೇನು ಕೆಲಸ ಅಂತ ಕೇಳಬೇಡಿ, ಟ್ರಾನ್ಸ್‌ಮಿಟರಿಗೆ ಮಡಿ-ಮೈಲಿಗೆ ಇಲ್ಲ. ಬೆಳಗಿನಿಂದ ಸಂಜೆವರೆಗೆ ಅಲ್ಲಿ ಯೇಸುವಿನ ಹಾಡುಗಳು. ಹಾಡುಗಳ ನಡುವೆ ಮಾತಾಡುತ್ತಿದ್ದವನು ನಮ್ಮ ಅನೌನ್ಸರ್, ಬೆಣ್ಣೆಯಂಥ ದನಿಯವನು. ಆ ದನಿಯನ್ನು ಮನೆಮನೆಗೆ ಮುಟ್ಟಿಸುತ್ತಿದ್ದವನು ನಾನು. ಇದು ಗೊತ್ತಿದ್ದದ್ದು ಅವನೊಬ್ಬನಿಗೆ, ಅವನೂ ಮರೆತಿದ್ದ.

ಕೇಕು

ಲಾಸ್ ಆಲ್ಟೋಸಿನ ಒಬ್ಬ ಅಜ್ಜಿ ಪ್ರತಿ ಶುಕ್ರವಾರ ತಾವೇ ಕಾರು ಓಡಿಸಿಕೊಂಡು ಬಂದು ಅವನಿಗೆ ಕೇಕು ಕೊಟ್ಟು ಹೋಗುತ್ತಿದ್ದರು. ಒಂದು ಶುಕ್ರವಾರ ಬಾಗಿಲು ತೆಗೆದವನು ನಾನು, ಕೈಯಲ್ಲಿ ಸ್ಕ್ರೂಡ್ರೈವರ್. ಅಜ್ಜಿ ಮೇಲಿಂದ ಕೆಳಗೆ ನೋಡಿ, ಟಾಯ್ಲೆಟ್ಟು ರಿಪೇರಿ ಆಯಿತಾ ಅಂತ ವಿಚಾರಿಸಿದರು. ನಾನು ಎದೆಯುಬ್ಬಿಸಿ, ಟಾಯ್ಲೆಟ್ಟಿನವನಲ್ಲ, ಇಂಜಿನಿಯರು, ನೀವು ಕೇಳುವ ಒಂದೊಂದು ಹಾಡನ್ನೂ ನಿಮ್ಮ ಮನೆಗೆ ತಲುಪಿಸುವವನು ನಾನೇ ಅಂದೆ. ಅಜ್ಜಿಗೆ ಬಹಳ ಸಂತೋಷವಾಯಿತು.

ನಾನು ಮೊಟ್ಟೆ ಹಾಕಿದ ಕೇಕು ತಿನ್ನುವುದಿಲ್ಲ, ಅದು ಬೇರೆ ಮಾತು. ಆದರೆ ಬೇಡ ಅನ್ನುವ ಸುಖವಾದರೂ ಬೇಡವೇ ಒಬ್ಬ ಮನುಷ್ಯನಿಗೆ? ಅಜ್ಜಿ ಡಬ್ಬಿಯನ್ನು ನನ್ನ ಕೈಗಿಟ್ಟು, ಹಾಗಾದರೆ ಇದನ್ನೂ ಅವನಿಗೆ ನೀವೇ ತಲುಪಿಸಿಬಿಡಿ ಅಂದು ಹೊರಟರು.

ನಲವತ್ತು ನಿಮಿಷ

ನಮ್ಮ ಟವರು ಇದ್ದದ್ದು ಊರಾಚೆ, ಕೊಲ್ಲಿಯ ದಡದ ಕೆಸರಿನಲ್ಲಿ. ಅದರ ಬುಡದಲ್ಲೊಂದು ಶೆಡ್ಡು, ಶೆಡ್ಡಿನಲ್ಲಿ ಟ್ರಾನ್ಸ್‌ಮಿಟರು. ಒಂದು ಬೆಳಿಗ್ಗೆ ಹಾಡಿನ ಮಧ್ಯೆ ಅದು ಗಪ್‌ಚುಪ್. ನಾನು ಮೊಣಕಾಲುದ್ದ ಕೆಸರು ತುಳಿದುಕೊಂಡು ಓಡಿದೆ. ಎಡಗಾಲಿನ ಬೂಟು ಕೆಸರಿಗೇ ಅರ್ಪಿತವಾಯಿತು. ನಲವತ್ತು ನಿಮಿಷ ಒದ್ದಾಡಿ ಸರಿಮಾಡಿದೆ.

ಒಂದೇ ಬೂಟಿನಲ್ಲಿ ಆಫೀಸಿಗೆ ಬಂದರೆ ಫೋನುಗಳು ಬಡಕೊಳ್ಳುತ್ತಿವೆ. ಬೈಗುಳ ಅಂದುಕೊಂಡೆ. ಅಲ್ಲವಂತೆ. ಆ ಮೌನದಲ್ಲಿ ಎಂಥ ಪ್ರಾರ್ಥನೆ ಕೂಡಿ ಬಂತು, ನಮಗೆ ಇದೇ ಬೇಕಿತ್ತು ಅಂತ ಅನೌನ್ಸರಿಗೆ ಹೇಗೆ ತಿಳಿಯಿತು ಅಂತ ಜನ ಗದ್ಗದಿತರಾಗಿದ್ದರು. ಆ ಮಹಾನುಭಾವ ತಲೆ ತಗ್ಗಿಸಿ, ಏನೋ ಪ್ರೇರಣೆಯಾಯಿತು ಅಂತಿದ್ದ. ಮುಂದಿನ ವಾರದಿಂದ ಆ ಮೌನವೇ ಅವನ ಹೆಸರಿನಲ್ಲಿ ಒಂದು ಕಾರ್ಯಕ್ರಮವಾಯಿತು. ಮಾತಾಡಿದರೂ ಅವನಿಗೇ ಹೆಸರು, ಬಾಯಿ ಮುಚ್ಚಿದರೂ ಅವನಿಗೇ.

ಮಾವ

ಆ ಹೊತ್ತಿಗೆ ಧಾರವಾಡದಿಂದ ನಮ್ಮ ಮಾವ ಬಂದರು. ನಿವೃತ್ತ ಹೆಡ್‌ಮಾಸ್ತರು. ಓದಿದ್ದು ಮಿಶನ್ ಶಾಲೆಯಲ್ಲಿ, ಹಾಗಾಗಿ ಆ ಹಾಡುಗಳೆಲ್ಲ ಬಾಯಿಪಾಠ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ರೇಡಿಯೋ ಮುಂದೆ ಕೂತು ಯೇಸುವನ್ನು ಸ್ತುತಿಸುತ್ತಿದ್ದರು. ಅನೌನ್ಸರನ ಇಂಗ್ಲಿಷು ಕೇಳಿ, ಇಂಥವನ್ನ ನಮ್ಮ ಸಾಲ್ಯಾಗ ಇಟ್ಕೋಬೇಕಿತ್ತು ಅನ್ನುವರು. ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಹದಿನೈದು ದಿನದ ಮೇಲೆ ಕೇಳಿಯೇಬಿಟ್ಟರು. "ಏನ್ರೀ ಅಳಿಯಂದ್ರ, ದಿನಾ ಕೇಳಾಕತ್ತೇನಿ, ನಿಮ್ಮ ಹೆಸರ ಒಮ್ಮಿನೂ ಬರಲಿಲ್ಲಲಾ?"

ಮರುದಿನವೇ ಶೆಡ್ಡಿಗೆ ಕರೆದುಕೊಂಡು ಹೋದೆ. ಮೀಟರು, ಕೇಬಲ್ಲು, ಗುಂಯ್‌ಗುಡುವ ವಾಲ್ವು, ಎಲ್ಲ ತೋರಿಸಿ ಒಂದು ಗಂಟೆ ವಿವರಿಸಿದೆ. ಅವರು ಟವರಿನ ತುದಿಯವರೆಗೆ ಕತ್ತೆತ್ತಿ ನೋಡಿ, "ಅಂದ್ರ ಲೈನ್‌ಮನ್ ಅನ್ರಿ" ಅಂದರು. ಅಂದಿನಿಂದ ನನಗೆ ಒಂದೇ ಹಠ. ಆ ರೇಡಿಯೋದಲ್ಲಿ ಒಮ್ಮೆಯಾದರೂ ನನ್ನ ಹೆಸರು ಬರಬೇಕು, ಅದನ್ನು ಮಾವ ಕಿವಿಯಾರೆ ಕೇಳಬೇಕು. ಹೆಂಡತಿ, ಹೋಗಿ ಅನೌನ್ಸರನ್ನೇ ಕೇಳಿ ಅಂದಳು. ಕೇಳಿ ಹೇಳಿಸಿಕೊಳ್ಳಲು ನಾನೇನು ಭಿಕ್ಷುಕನೇ?

ಕೊನೆಯ ದಿನ

ಅಷ್ಟರಲ್ಲಿ ಸ್ಟೇಶನ್ನಿಗೇ ಕುತ್ತು ಬಂತು. ಹುಡುಗರು ಎಫ್‌ಎಂ ಕಡೆ ಹೋದರು, ಅಜ್ಜಿಯರು ಒಬ್ಬೊಬ್ಬರಾಗಿ ದೇವರ ಕಡೆ ಹೋದರು. ನಮ್ಮ ಯಜಮಾನರು ಶೇರುಪೇಟೆಯ ಸುದ್ದಿ ಓದುವ ಕಂಪನಿಯೊಂದಕ್ಕೆ ಸ್ಟೇಶನ್ನು ಮಾರಿಬಿಟ್ಟರು. ಅವರಿಗೆ ಹಾಡು ಬೇಡ, ಅನೌನ್ಸರ್ ಬೇಡ, ಟವರು ಸಾಕು. ಟವರಿನ ಜೊತೆ ಬಂದ ಸಾಮಾನು ಅಂತ ನನ್ನನ್ನೂ ಇಟ್ಟುಕೊಂಡರು.

ನಿಜ ಹೇಳುತ್ತೇನೆ, ಆಗಲೂ ನನಗೆ ಅವನ ಮೇಲೇ ಹೊಟ್ಟೆಕಿಚ್ಚು. ಆಫೀಸಿನ ಮೆಟ್ಟಿಲ ತುಂಬ ಜನ ಅವನಿಗಾಗಿ ಅಳುತ್ತಾ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕೇಕು. ಕೆಲಸ ಉಳಿದವನು ಕೆಲಸ ಹೋದವನನ್ನು ನೋಡಿ ಕರುಬಿದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಕೊನೆಯ ದಿನ ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ನಾನೇ ಸ್ವಿಚ್ಚು ಎಳೆಯಬೇಕು ಅಂತ ತೀರ್ಮಾನವಾಗಿತ್ತು. ಇವತ್ತಾದರೂ ನನ್ನ ಹೆಸರು ಬಂದೇ ಬರುತ್ತದೆ, ಕೇಳಿ ಅಂತ ಮಾವನಿಗೆ ಹೇಳಿ ಶೆಡ್ಡಿಗೆ ಹೋದೆ. ಮಾವ ಮನೆಯಲ್ಲಿ ಟೇಪ್ ರೆಕಾರ್ಡರಿಗೆ ಹೊಸ ಕ್ಯಾಸೆಟ್ಟು ಹಾಕಿ ಕೂತರು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅನೌನ್ಸರ್ ವಂದನೆ ಶುರುಮಾಡಿದ. ಯಜಮಾನರಿಗೆ ವಂದಿಸಿದ. ಕೇಕಿನ ಅಜ್ಜಿಗೆ ವಂದಿಸಿದ. ಟಪಾಲಿನವನಿಗೆ, ನೆಲ ಒರೆಸುವವಳಿಗೆ ವಂದಿಸಿದ. ನಾನು ಸ್ಪೀಕರಿಗೆ ಕಿವಿ ಹಚ್ಚಿ ನಿಂತಿದ್ದೆ. ಆಮೇಲೆ ಆಫೀಸಿನ ಬೆಕ್ಕಿಗೆ ವಂದಿಸಿದ. ಬೆಕ್ಕಿಗೆ, ಸ್ವಾಮಿ! ನನಗೆ ಉರಿದುಹೋಯಿತು. ಹಾಳಾಗಿ ಹೋಗು ಅಂತ ಸ್ಪೀಕರಿನ ಕಿವಿ ತಿರುಚಿ ಬಂದ್ ಮಾಡಿದೆ. ಗಡಿಯಾರವನ್ನೇ ನೋಡುತ್ತಾ ನಿಂತು, ಮುಳ್ಳು ಹನ್ನೆರಡು ಮುಟ್ಟಿದ್ದೇ ತಡ, ಹಲ್ಲು ಕಚ್ಚಿ ಸ್ವಿಚ್ಚು ಎಳೆದೆ. ಇಷ್ಟು ವರ್ಷದಲ್ಲಿ ಅಷ್ಟು ಖುಷಿಯಿಂದ ಮಾಡಿದ ಕೆಲಸ ಅದೊಂದೇ.

ಮನೆಗೆ ಬಂದರೆ ಮಾವ ಕ್ಯಾಸೆಟ್ಟಿನ ಕೊನೆಯನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದರು. ಬೆಕ್ಕಾದ ಮೇಲೂ ಅನೌನ್ಸರ್ ವಂದನೆ ಮುಗಿಸಿರಲಿಲ್ಲ. "ಕಡೆಯದಾಗಿ ಒಬ್ಬರು. ಕೆಸರಿನಲ್ಲಿ ಬೂಟು ಕಳೆದುಕೊಂಡು ನನ್ನ ದನಿಯನ್ನು ನಿಮ್ಮ ಮನೆಗೆ ತಂದವರು. ಅವರಿಲ್ಲದೆ ನಾನಿಲ್ಲ. ಅವರ ಹೆಸರು..." ಅಂದ. ಆಮೇಲೆ ಬರೀ ಬುಸ್ಸ್ ಅನ್ನುವ ಸದ್ದು.

"ಯಾವ ಹುಚ್ಚಪ್ಪ ಬಂದ್ ಮಾಡಿದ್ನೋ, ಹೆಸರ ಹೇಳಾಕೂ ಬಿಡಲಿಲ್ಲ" ಅಂದರು ಮಾವ.

ನಾನು ಬೂಟು ಬಿಚ್ಚುತ್ತಾ, ತಲೆ ಎತ್ತದೆ, ಬಂದ್ ಮಾಡಿದ್ದು ನಾನೇ ಅಂದೆ.

ಮಾವ ನನ್ನನ್ನೂ ಟೇಪ್ ರೆಕಾರ್ಡರನ್ನೂ ಒಂದೆರಡು ಸಲ ನೋಡಿದರು. ಆಮೇಲೆ ಮೊಟ್ಟಮೊದಲ ಸಲ ನನ್ನ ಬಗ್ಗೆ ಮರ್ಯಾದೆ ತುಂಬಿದ ದನಿಯಲ್ಲಿ ಅಂದರು:

"ಹಂಗಾರ ಕಾರಭಾರ ಎಲ್ಲಾ ಖರೇನ ನಿಮ್ಮ ಕೈಯಾಗ ಇತ್ತ ಬಿಡ್ರಿ."