ಎಂಜಿನ್ ಕೆಳಗೆ ರಬ್ಬರು, ಪಕ್ಕದಲ್ಲಿ ಅತ್ತೆ

ಗಂಡನಿಗೆ ರೇಸಿನ ಹುಚ್ಚು, ಕಾರು ಮಾತ್ರ ಅತ್ತೆಯದು ಅನ್ನೋ ಮನೆಯಲ್ಲಿ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಪ್ರಸಂಗಗಳು ತಾವಾಗೇ ಗೇಟು ತಳ್ಳಿಕೊಂಡು ಒಳಗೆ ಬರುತ್ತವೆ.

ಮಾವನವರು ಬಿಟ್ಟುಹೋದ ಹಳೇ ಕಾರು ಅತ್ತೆಯ ಹೆಸರಿನಲ್ಲಿದೆ. ವೈಯಾಲಿಕಾವಲ್‌ನಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಯಜಮಾನರು ಅದನ್ನೇ ರೇಸಿಗೆ ತಯಾರು ಮಾಡುತ್ತಿದ್ದರು. ಅತ್ತೆಯ ಷರತ್ತು ಒಂದೇ: ಶನಿವಾರ ಆ ಕಾರಿನಲ್ಲಿ ಅವರು ಆರಾಮಾಗಿ ದೇವಸ್ಥಾನಕ್ಕೆ ಹೋಗಿಬರುವ ಹಾಗಿರಬೇಕು. ಇಲ್ಲದಿದ್ದರೆ ರೇಸಿಗೆ ಕೀ ಇಲ್ಲ.

ರಬ್ಬರು

ಎಂಜಿನ್ನನ್ನು ನೇರವಾಗಿ ಕಾರಿನ ಮೈಗೆ ಬಿಗಿಯುವುದಿಲ್ಲವಂತೆ. ಎಂಜಿನ್ನಿನ ನಡುಕ ಕಾರಿಗೆ ತಾಗದ ಹಾಗೆ ನಡುವೆ ಮೌಂಟು ಅಂತ ದಪ್ಪ ರಬ್ಬರಿನ ತುಂಡುಗಳಿರುತ್ತವೆ. ಆದರೆ ರಬ್ಬರು ಮೆತ್ತಗೆ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ವಾಲುತ್ತದೆ, ಗೇರು ಸರಿಯಾಗಿ ಬೀಳುವುದಿಲ್ಲ, ಗಟ್ಟಿಯಾದದ್ದು ಹಾಕಬೇಕು ಅಂತ ಇವರು ಊಟದ ಹೊತ್ತಿನಲ್ಲಿ ಪಾಠ ಮಾಡಿದರು.

ಎರಡು ಕಡೆಯ ಗುದ್ದಾಟವನ್ನೂ ಮಧ್ಯೆ ಕೂತು ನುಂಗಿಕೊಳ್ಳುವ ಕೆಲಸ ತಾನೇ, ಈ ಮನೆಯಲ್ಲಿ ಅದನ್ನು ನಾನು ಮಾಡುತ್ತಿದ್ದೀನಲ್ಲ ಅಂದೆ.

"ಅದಕ್ಕೇ ನೀನೂ ಒಂಚೂರು ಮೆತ್ತಗಿರಬೇಕಿತ್ತು," ಅಂದರು ಅತ್ತೆ.

ಅಲ್ಯೂಮಿನಿಯಂ

ಮೊದಲು ಅಲ್ಯೂಮಿನಿಯಂ ಗಟ್ಟಿ ಹಾಕಿದರು. ಎಂಜಿನ್ನು ಅಲ್ಲಾಡಲಿಲ್ಲ, ಮಿಕ್ಕಿದ್ದೆಲ್ಲ ಅಲ್ಲಾಡಿತು. ಹಿಂದಿನ ಸೀಟಿನಲ್ಲಿ ನನ್ನ ಮಡಿಲಲ್ಲಿದ್ದ ಮಗಳ ಕೆನ್ನೆ ಕೂಡ.

ಕಾರು ನಿಂತಿದ್ದಾಗಲೇ ನಡುಕ ಜಾಸ್ತಿ. ಸಂಪಿಗೆ ರಸ್ತೆಯ ಸಿಗ್ನಲ್ಲಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಕೂತು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಒಂದೊಂದು ನಾಮವೂ ಅಲೆಅಲೆಯಾಗಿ ಹೊರಟಿತು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿದ್ದ ಹೆಂಗಸೊಬ್ಬರು ಕಿಟಕಿಗೆ ಬಗ್ಗಿ, "ಎಷ್ಟು ಚೆನ್ನಾಗಿ ಗಮಕ ಬರುತ್ತಮ್ಮ, ಯಾರ ಹತ್ರ ಕಲಿತ್ರಿ?" ಅಂತ ಕೇಳಿದರು.

ಅತ್ತೆ ಇವರನ್ನು ದುರುಗುಟ್ಟಿ ನೋಡಿ ಹೇಳಿದರು: "ನನ್ನ ಮಗನ ಹತ್ರ."

ಪಾಲಿಯೂರಿಥೇನ್

ಇನ್ನುಳಿದದ್ದು ಪಾಲಿಯೂರಿಥೇನ್. ಚಪ್ಪಲಿ ಅಟ್ಟೆಗೂ ಅದನ್ನೇ ಹಾಕುತ್ತಾರಂತೆ. ರಬ್ಬರಿಗಿಂತ ಗಟ್ಟಿ, ಅಲ್ಯೂಮಿನಿಯಂನಷ್ಟು ನಿಷ್ಠುರ ಅಲ್ಲ. ಅದರಲ್ಲೂ ಬೇರೆ ಬೇರೆ ಗಟ್ಟಿತನ. ಇವರು ಸ್ಯಾಂಪಲ್ ತುಂಡುಗಳನ್ನು ನನ್ನ ಅಡುಗೆಕಟ್ಟೆಯ ಮೇಲೆ ಹರಡಿಕೊಂಡು, ಒಂದೊಂದನ್ನೂ ಉಗುರಿನಲ್ಲಿ ಒತ್ತಿ ತಲೆ ಕೆರೆದುಕೊಳ್ಳುತ್ತಿದ್ದರು. ಒಗ್ಗರಣೆ ಸೀಯುತ್ತಿತ್ತು. ನಾನೇ ಒತ್ತಿ ನೋಡಿ, ಇದು ನಿನ್ನೆಯ ಮೈಸೂರು ಪಾಕು, ಇದು ಮೆತ್ತಗಾದ ಕೋಡುಬಳೆ, ಇದು ಹಬ್ಬ ಕಳೆದ ಮೇಲಿನ ರವೆ ಉಂಡೆ, ಮಧ್ಯದ್ದು ತಗೊಂಡು ಜಾಗ ಖಾಲಿ ಮಾಡಿ ಅಂದೆ. ಅಡುಗೆಮನೆ ಭಾಷೆ ಅಂತ ನಕ್ಕರು.

ಮಾರನೇ ದಿನ ಅಂಗಡಿಯವನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ರವೆ ಉಂಡೆ ಬೇಡ ಗುರು, ಒಂದು ಸೆಟ್ ಕೋಡುಬಳೆ ಕಳಿಸು."

ಪರೀಕ್ಷೆ

ರೇಸಿನ ಹಿಂದಿನ ದಿನವೇ ಶನಿವಾರ. ಹೊಸ ಮೌಂಟಿನ ಮೇಲೆ ಅತ್ತೆಯನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಟೆವು. ವಾಪಸು ಬರುವಾಗ ನೋಡಿದರೆ ಅತ್ತೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಾರೆ. ಇವರಿಗೆ ಗೆದ್ದಷ್ಟು ಖುಷಿ. ಅವರಿಗೆ ಎಚ್ಚರವಾಗಬಾರದು ಅಂತ ಮಲ್ಲೇಶ್ವರಂನ ಕ್ರಾಸುಗಳಲ್ಲೆಲ್ಲ ಸುಮ್ಮನೆ ಸುತ್ತಿಸಿದರು.

ಮನೆ ಮುಂದೆ ಎಂಜಿನ್ನು ನಿಂತಾಗ ಅತ್ತೆ ಕಣ್ಣು ಬಿಟ್ಟರು. ಹೇಗಿತ್ತು ಅಂತ ಇವರು ಕೇಳಿದರೆ, ತೊಟ್ಟಿಲಲ್ಲಿ ತೂಗಿದ ಹಾಗಿತ್ತು ಅಂದರು. ಅಂದವರೇ ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬರೀ ಮಲ್ಲೇಶ್ವರಂ ಸುತ್ತೋದ್ರಲ್ಲಿ ನಂಗೇ ಹೀಗೆ ನಿದ್ದೆ ಬಂತು. ನಾಳೆ ನೀನು ಅಷ್ಟು ಜೋರಲ್ಲಿ ಹೋಗ್ತಾ ಕಣ್ಣು ಮುಚ್ಚಿದ್ರೆ? ನಾನೂ ಬರ್ತೀನಿ. ಪಕ್ಕದಲ್ಲಿ ಕೂತು ಎಬ್ಬಿಸ್ತಿರ್ತೀನಿ."

ಇವರು ಅಳುವುದೊಂದು ಬಾಕಿ. "ಅಮ್ಮ, ರೇಸಲ್ಲಿ ಕಾರಿಗೆ ಒಬ್ಬರೇ ಕೂರಬೇಕು."

ಅತ್ತೆ ಸೊಂಟದಲ್ಲಿದ್ದ ಕೀ ಮುಟ್ಟಿ ನೋಡಿಕೊಂಡರು.

"ಹಾಗಿದ್ರೆ ಕಾರು ಯಾರದ್ದೋ ಅವರೇ ಕೂರ್ತಾರೆ. ನಿಲ್ಲಿಸೋದು ಹೇಗೆ ಅಂತ ಮಾತ್ರ ಹೇಳ್ಕೊಡು."