ಊದಿದ ತುಟಿಯ ಹಾಜರಾತಿ

ಕಾಯಿಲೆ ಬಂದವರನ್ನು ಕಂಡರೆ ಜನರಿಗೆ ಮರುಕ ಹುಟ್ಟುತ್ತದೆ. ಔಷಧಿ ಹಚ್ಚಿಕೊಂಡು ಕಾಯಿಲೆ ತರಿಸಿಕೊಂಡವರನ್ನು ಕಂಡರೆ ನಗು ಬರುತ್ತದೆ. ಅದರಲ್ಲೂ ಆ ಕಾಯಿಲೆ ತುಟಿಗೆ ಬಂದರೆ ಕಥೆ ಮುಗಿದಂತೆಯೇ. ಕಾಲು ಮುರಿದುಕೊಂಡರೆ ಮೋಸಂಬಿ ಹಿಡಿದುಕೊಂಡು ನೋಡಲು ಬರುತ್ತಾರೆ. ತುಟಿ ಊದಿಸಿಕೊಂಡರೆ ಒಮ್ಮೆ ನೋಡಿ, ಪಕ್ಕಕ್ಕೆ ತಿರುಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕು, ಆಮೇಲೆ ಗಂಭೀರವಾಗಿ "ಅಯ್ಯೋ, ಏನಾಯ್ತು?" ಎನ್ನುತ್ತಾರೆ. ಈ ಜನವರಿಯಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಈಗ ಬರೆದೇ ಇಡುತ್ತೇನೆ. ಇನ್ನು ಯಾರಾದರೂ ಕೇಳಿದರೆ ಈ ಹಾಳೆಗಳನ್ನೇ ಅವರ ಮುಖಕ್ಕೆ ಹಿಡಿಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬಿನ್ನಿಪೇಟೆಯಲ್ಲಿ. ಅಪ್ಪ ಮಿಲ್ಲಿನಲ್ಲಿದ್ದರು. ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಎಲ್ಲರ ತುಟಿಯೂ ಒಡೆಯುತ್ತಿತ್ತು. ಅಮ್ಮ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಹಿಡಿದುಕೊಂಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಕ್ಕುಳಿಗೆ ಒಂದೊಂದು ತೊಟ್ಟು ಬಿಡುತ್ತಿದ್ದಳು. ತುಟಿಗೂ ಹೊಕ್ಕುಳಿಗೂ ಎತ್ತಣ ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಣ್ಣೆಯಿಂದಲೋ, ಚಳಿಗಾಲ ಮುಗಿದದ್ದರಿಂದಲೋ, ಫೆಬ್ರವರಿಯಲ್ಲಿ ತುಟಿ ಸರಿಹೋಗುತ್ತಿತ್ತು. ಯಾರ ತುಟಿಯೂ ಊದಿಕೊಳ್ಳಲಿಲ್ಲ. ಐವತ್ತನಾಲ್ಕು ವರ್ಷ ನಾನು ಹೀಗೆಯೇ ಬದುಕಿದ್ದೆ. ಮೊನ್ನೆ ಮೊನ್ನೆ ಮಗಳು ರಮ್ಯ ಚೊಚ್ಚಲ ಹೆರಿಗೆಗೆಂದು ನಮ್ಮ ಚಾಮರಾಜಪೇಟೆಯ ಮನೆಗೆ ಬಂದಳು. ಬಂದವಳು ಬ್ಯಾಗು ಇಳಿಸುವ ಮೊದಲೇ ನನ್ನ ಮುಖ ನೋಡಿದಳು.

"ಅಮ್ಮಾ, ಏನ್ ತುಟಿ ಅದು, ಹಿಂಗ್ ಒಡ್ದಿದೆ! ತಗೋ, ಈ ಲಿಪ್ ಬಾಮ್ ಹಚ್ಕೋ. ಪೂರ್ತಿ ನ್ಯಾಚುರಲ್. ಒಂಚೂರೂ ಕೆಮಿಕಲ್ ಇಲ್ಲ."

ಏಳು ತಿಂಗಳ ಬಸುರಿ ಕೈಯಾರೆ ಕೊಟ್ಟದ್ದನ್ನು ಬೇಡ ಎನ್ನಲಾಗುತ್ತದೆಯೇ? ಹಚ್ಚಿಕೊಂಡೆ. ಜೇನಿನ ಪರಿಮಳ, ಪುದೀನದ ತಂಪು, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಮೂರನೇ ದಿನ ತುಟಿ ಚುರುಚುರು ಎಂದಿತು. ಒಣಗಿರಬೇಕು ಎಂದುಕೊಂಡು ಇನ್ನಷ್ಟು ಹಚ್ಚಿದೆ. ಐದನೇ ದಿನ ಉರಿಯಿತು, ಇನ್ನೂ ದಪ್ಪಗೆ ಹಚ್ಚಿದೆ. ಏಳನೇ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ ನನ್ನ ಮುಖದಲ್ಲಿ ಬೇರೆ ಯಾರದೋ ತುಟಿ ಇತ್ತು. ಮೇಲಿನದು ಬಜ್ಜಿಯಂತೆ ಉಬ್ಬಿತ್ತು, ಕೆಳಗಿನದು ಜೋತುಬಿದ್ದಿತ್ತು, ಸುತ್ತಲೂ ಕೆಂಪಗೆ ಗುಳ್ಳೆ. ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿ ನೋಡಿ, ಮತ್ತೆ ಪೇಪರಿನೊಳಗೆ ಮುಖ ಹುದುಗಿಸಿಕೊಂಡರು. ಪೇಪರು ಅಲುಗಾಡುತ್ತಿತ್ತು. ಆ ಮನುಷ್ಯ ನಗುತ್ತಿದ್ದಾರೆ ಎಂದು ತಿಳಿಯಲು ಮೂವತ್ತು ವರ್ಷ ಸಂಸಾರ ಮಾಡಿರಬೇಕಾಗಿಲ್ಲ.

ಅದರಲ್ಲಿ ಏನೇನು ಹಾಕಿದ್ದಾರೆ ಎಂದು ಓದಲು ಹೊರಟೆ. ಡಬ್ಬಿಯ ಮೇಲೆ ಕಂಪನಿಯ ಹೆಸರು ಇಷ್ಟು ದೊಡ್ಡದಾಗಿದೆ, ಎಲೆಯ ಚಿತ್ರವಿದೆ, ಜೇನುಹುಳು ನಗುತ್ತಿದೆ. ಒಳಗಿರುವ ಪದಾರ್ಥಗಳ ಪಟ್ಟಿ ಮಾತ್ರ ರಟ್ಟಿನ ಪೆಟ್ಟಿಗೆಯ ಮೇಲಿತ್ತಂತೆ. ಪೆಟ್ಟಿಗೆ ಎಲ್ಲಿ? ಕಸದ ಗಾಡಿಯಲ್ಲಿ ಹೋಗಿ ವಾರವಾಗಿತ್ತು. ನನ್ನ ಪಿತ್ತ ನೆತ್ತಿಗೇರಿತು. ಅಂದು ಸಂಜೆ ಕಚೇರಿ ಮುಗಿಸಿ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ರಮ್ಯ ಅದನ್ನು ಕೊಂಡ ಅಂಗಡಿಗೇ ಹೋದೆ. ಹೊಸ ಪೆಟ್ಟಿಗೆ ಕೈಗೆತ್ತಿಕೊಂಡು ಓದಿದರೆ ಅಕ್ಷರಗಳು ಇರುವೆಯ ಮೊಟ್ಟೆಗಿಂತ ಸಣ್ಣವು. ಕನ್ನಡಕ ಹಾಕಿದೆ, ತೆಗೆದೆ, ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿದೆ. ಅಷ್ಟು ಸಣ್ಣದಾಗಿ ಬರೆಯುವವನು ಮುಚ್ಚಿಡುವುದಕ್ಕೇ ಬರೆದಿರುತ್ತಾನೆ ಹೊರತು ಓದಲಿ ಎಂದಲ್ಲ.

ಅಂಗಡಿಯ ಹುಡುಗಿ ನನ್ನ ತುಟಿಯನ್ನೇ ನೋಡುತ್ತಾ, "ಇದು ನ್ಯಾಚುರಲ್ ಮೇಡಂ, ಇದ್ರಿಂದ ಏನೂ ಆಗಲ್ಲ" ಎಂದಳು.

"ತುರಿಕೆ ಸೊಪ್ಪೂ ನ್ಯಾಚುರಲ್ಲೇ ಕಣಮ್ಮ, ಹಚ್ಕೋತೀಯಾ? ಹಾವಿನ ವಿಷಾನೂ ನ್ಯಾಚುರಲ್ಲೇ!"

ಊದಿದ ತುಟಿಯಿಂದ ಈ ಮಾತು ಹೇಗೆ ಹೊರಬಂದಿತೋ, ಅವಳು ಅರ್ಥವಾಗದೆ ಇನ್ನೊಂದು ಡಬ್ಬಿ ತೆಗೆದುಕೊಟ್ಟಳು. "ಹಂಗಾದ್ರೆ ಇದನ್ನ ಟ್ರೈ ಮಾಡಿ ಮೇಡಂ. ಸೆನ್ಸಿಟಿವ್ ಲಿಪ್ಸ್‌ಗೆ." ಹೇಳಲು ನಾಚಿಕೆಯಾಗುತ್ತದೆ, ನಾನು ಅದನ್ನೂ ಕೊಂಡುತಂದೆ. ಊತ ಕಾಣದಿರಲೆಂದು ಜೊತೆಗೊಂದು ಲಿಪ್‌ಸ್ಟಿಕ್ಕನ್ನೂ ತಂದೆ. ಜಗಳಕ್ಕೆ ಹೋದವಳು ವ್ಯಾಪಾರ ಮಾಡಿಕೊಂಡು ಬಂದೆ.

ಇಷ್ಟಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ನಿಜವಾದ ಕಷ್ಟ ಕಚೇರಿಯದು. ನಾನು ಮಲ್ಲೇಶ್ವರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಹಿಂದೆ ನಮ್ಮಲ್ಲಿ ದಪ್ಪ ಹಾಜರಿ ಪುಸ್ತಕವಿತ್ತು. ಸಹಿ ಹಾಕಿದರೆ ಮುಗಿಯಿತು, ಆ ಪುಸ್ತಕಕ್ಕೆ ನಮ್ಮ ಮುಖ ಕಟ್ಟಿಕೊಂಡು ಏನಾಗಬೇಕಿತ್ತು? ಈಗ ಬೆಳಿಗ್ಗೆ ಹತ್ತೂಕಾಲರೊಳಗೆ ಕಚೇರಿಯ ಆವರಣದಲ್ಲೇ ನಿಂತು ಮೊಬೈಲಿಗೆ ಮುಖ ತೋರಿಸಬೇಕು. ಅದು ನಮ್ಮನ್ನು ಗುರುತು ಹಿಡಿಯಬೇಕು. ಮೂರು ದಿನ ಗುರುತು ಸಿಗದಿದ್ದರೆ ಒಂದು ಸಾಂದರ್ಭಿಕ ರಜೆ ಕತ್ತರಿಸುತ್ತಾರೆ. ನನಗೋ ಆ ರಜೆಗಳೇ ಪ್ರಾಣ. ಗಳಿಕೆ ರಜೆಯೆಲ್ಲ ಹಿಂದಿನ ವರ್ಷ ಅತ್ತೆ ಸೊಂಟ ಮುರಿದುಕೊಂಡಾಗ ಮುಗಿದಿತ್ತು. ಉಳಿದಿದ್ದದ್ದು ಬೆರಳಲ್ಲಿ ಎಣಿಸುವಷ್ಟು ಸಾಂದರ್ಭಿಕ ರಜೆ. ಅವೆಲ್ಲವನ್ನೂ ಮಗಳ ಹೆರಿಗೆಗೆಂದು ಮೀಸಲಿಟ್ಟಿದ್ದೆ. ಒಂದು ದಿನ ರಜೆ ಹೋದರೆ ಮಗಳ ಪಕ್ಕದಲ್ಲಿ ನಾನಿರುವ ಒಂದು ದಿನ ಹೋದಂತೆ.

ಮೊದಲ ದಿನ ಮೊಬೈಲು, "ಮುಖ ಹೊಂದಿಕೆಯಾಗುತ್ತಿಲ್ಲ" ಎಂದಿತು. ಕನ್ನಡಕ ತೆಗೆದೆ. ಹೊಂದಿಕೆಯಾಗಲಿಲ್ಲ. ಬಿಸಿಲಿಗೆ ಹೋದೆ, ನೆರಳಿಗೆ ಬಂದೆ, ಹೊಂಗೆ ಮರದ ಕೆಳಗೆ ನಿಂತೆ. ಇಪ್ಪತ್ತೇಳು ವರ್ಷ ಅದೇ ಗೇಟಿನಲ್ಲಿ ಓಡಾಡಿದ ನನ್ನನ್ನು ಗೇಟಿನ ನಾಯಿ ಗುರುತಿಸಿ ಬಾಲ ಅಲ್ಲಾಡಿಸಿತು, ಸರ್ಕಾರ ಗುರುತಿಸಲಿಲ್ಲ. ನಮ್ಮ ಸೂಪರಿಂಟೆಂಡೆಂಟ್ ನಂಜುಂಡಯ್ಯನವರ ಮುಂದೆ ಹೋಗಿ ನಿಂತೆ.

"ಸರ್, ನಾನು ಯಾರು?"

"ನೀವು ಪುಷ್ಪಾ ಮೇಡಂ."

"ಮತ್ತೆ ಹಾಜರಿ ಕೊಡಿ."

"ನಂಗೇನೋ ನೀವೇ ಅಂತ ಗೊತ್ತಾಗತ್ತೆ ಮೇಡಂ. ಅದಕ್ಕೆ ಗೊತ್ತಾಗಲ್ವಲ್ಲ, ನಾನೇನ್ ಮಾಡ್ಲಿ?" ಎಂದು ಅವರು ಬಹಳ ವಿನಯದಿಂದ ಹೇಳಿದರು. ಅವರ ವಿನಯ ಕಂಡರೆ ನನಗೆ ಇನ್ನೂ ಮೈ ಉರಿಯುತ್ತದೆ.

ಸಿಬ್ಬಂದಿಯ ರಜೆ, ಹಾಜರಾತಿಯ ಕಡತಗಳೆಲ್ಲ ನನ್ನ ಮೇಜಿನವೇ. ಹೀಗಾಗಿ ವಾರದ ಕೊನೆಯಲ್ಲಿ ಶ್ರೀಮತಿ ಪುಷ್ಪಾ ಅವರು ಅನಧಿಕೃತವಾಗಿ ಗೈರುಹಾಜರಾಗಿದ್ದಾರೆ ಎಂಬ ಟಿಪ್ಪಣಿಯನ್ನು ಶ್ರೀಮತಿ ಪುಷ್ಪಾ ಅವರೇ ಕಚೇರಿಯಲ್ಲಿ ಕುಳಿತು ಟೈಪ್ ಮಾಡಿ ಸಹಿಗೆ ಮಂಡಿಸಬೇಕಾಯಿತು. ಹೀಗೆ ಎರಡು ರಜೆ ಹೋಯಿತು. ಮೂರನೆಯದಕ್ಕೆ ಕೈ ಹಾಕಿದಾಗ ನಾನು ರಣಚಂಡಿಯಾದೆ. ಮೂರು ಪುಟದ ಮನವಿ ಬರೆದೆ. "ನೌಕರರ ಮುಖವು ಸದರಿ ನೌಕರರದ್ದೇ ಆಗಿರುತ್ತದೆ" ಎಂದು ನಂಜುಂಡಯ್ಯನವರಿಂದ ದೃಢೀಕರಣ ಬರೆಸಿಕೊಂಡೆ. ದಿನಕ್ಕೆ ನಾಲ್ಕು ಸಲ ಕೇಂದ್ರ ಕಚೇರಿಗೆ ಫೋನ್ ಮಾಡಿದೆ. ಕೊನೆಗೆ ಅಲ್ಲಿಂದ ಒಬ್ಬ ತಾಂತ್ರಿಕ ಸಹಾಯಕ ಬಂದು, ನನ್ನನ್ನು ಗೋಡೆಗೆ ನಿಲ್ಲಿಸಿ, ಊದಿದ ತುಟಿಯ ಸಮೇತ ನನ್ನ ಮುಖವನ್ನು ಹೊಸದಾಗಿ ನೋಂದಾಯಿಸಿಕೊಂಡ. ಮಾರನೆಯ ದಿನ ಮೊಬೈಲು ಹಸಿರು ದೀಪ ತೋರಿಸಿತು. ಗೆದ್ದೆನೆಂದು ಇಡೀ ಕಚೇರಿಗೆ ಕಾಫಿ ಕುಡಿಸಿದೆ. ನಾನು ಮಾತ್ರ ಸ್ಟ್ರಾ ಹಾಕಿಕೊಂಡು ಹೀರಿದೆ.

ಗೆದ್ದ ಹುಮ್ಮಸ್ಸಿನಲ್ಲೇ ಬಸವನಗುಡಿಯ ಚರ್ಮದ ಡಾಕ್ಟರ ಹತ್ತಿರ ಹೋದೆ. ರಮ್ಯನ ವಯಸ್ಸಿನ ಹುಡುಗಿ. ಯಾವುದು ಒಗ್ಗುವುದಿಲ್ಲವೆಂದು ತಿಳಿಯಲು ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ, ಎರಡು ದಿನ ಬೆನ್ನು ನೆನೆಯಬಾರದು ಎಂದಳು. ನಮ್ಮ ಅತ್ತೆ, "ಮೈ ಮೇಲೆ ನೀರು ಬೀಳ್ದಿದ್ರೆ ಅದೆಂಥಾ ಸ್ನಾನ? ಒಲೆ ಮುಟ್ಟಬೇಡ" ಎಂದು ತೀರ್ಪು ಕೊಟ್ಟರು. ಎರಡು ದಿನ ಯಜಮಾನರು ಮಾಡಿದ ಉಪ್ಪಿಟ್ಟು ತಿಂದೆವು. ಪೇಪರಿನ ಹಿಂದೆ ನಕ್ಕದ್ದಕ್ಕೆ ತಕ್ಕ ಶಾಸ್ತಿಯಾಯಿತೆಂದು ನನಗೆ ಸಮಾಧಾನ, ಆದರೆ ಆ ಉಪ್ಪಿಟ್ಟನ್ನು ತಿಂದವಳೂ ನಾನೇ. ಪಟ್ಟಿ ಕಿತ್ತು ನೋಡಿದ ಡಾಕ್ಟರಮ್ಮ, ಜೇನುಗೂಡಿನಲ್ಲಿ ಹುಳುಗಳು ಮೆತ್ತುವ ಅಂಟು ನನಗೆ ಆಗುವುದಿಲ್ಲ ಎಂದಳು. ಆ ಅಂಟು ಮಗಳು ಕೊಟ್ಟ ಬಾಮಿನಲ್ಲಿತ್ತು. ನಾಜೂಕು ತುಟಿಗೆಂದು ನಾನು ತಂದ ಬಾಮಿನಲ್ಲೂ ಇತ್ತು. ಲಿಪ್‌ಸ್ಟಿಕ್ಕಿನಲ್ಲೂ ಇತ್ತು.

"ಬೆಂಕಿ ಆರ್ಸೋಕೆ ಸೀಮೆಎಣ್ಣೆ ಹಾಕಿದೀರಲ್ಲ ಆಂಟಿ! ಎಲ್ಲಾ ನಿಲ್ಸಿ. ಹತ್ತು ದಿನ ಬರೀ ವ್ಯಾಸಲೀನ್."

ದುಡ್ಡು ತೆಗೆದುಕೊಂಡು ಆಂಟಿ ಎಂದಳಲ್ಲ ಎಂಬ ಕೋಪವಿದ್ದರೂ ಅವಳು ಹೇಳಿದ್ದನ್ನು ಪಾಲಿಸಿದೆ. ಹತ್ತೇ ದಿನದಲ್ಲಿ ನನ್ನ ತುಟಿ ನನಗೆ ವಾಪಸ್ಸು ಬಂತು. ಹನ್ನೊಂದನೇ ದಿನ ಹೊಸ ಸೀರೆ ಉಟ್ಟು, ಮೆಟ್ರೊ ಹತ್ತಿ, ಕಚೇರಿಯ ಗೇಟಿನಲ್ಲಿ ನಿಂತು ಮೊಬೈಲಿಗೆ ಮುಖ ತೋರಿಸಿದೆ.

"ಮುಖ ಹೊಂದಿಕೆಯಾಗುತ್ತಿಲ್ಲ."

ಅದು ನನ್ನ ಊದಿದ ಮುಖವನ್ನು ಕಾಯುತ್ತಿತ್ತು. ನಾನೇ ಹೋರಾಡಿ, ಮೂರು ಪುಟ ಬರೆದು, ಇದೇ ನನ್ನ ಮುಖವೆಂದು ಒಪ್ಪಿಸಿದ ಮುಖ. ಕೇಂದ್ರ ಕಚೇರಿಗೆ ಫೋನ್ ಮಾಡಿದರೆ, ಒಮ್ಮೆ ಬದಲಾಯಿಸಿದ ಮುಖವನ್ನು ಆರು ತಿಂಗಳು ಬದಲಾಯಿಸಲು ಅವಕಾಶವಿಲ್ಲ ಎಂದರು. ರಮ್ಯನಿಗೆ ಎಂಟು ತಿಂಗಳು ತುಂಬಿತ್ತು. ಮತ್ತೆ ಆ ಬಾಮನ್ನೇ ಹಚ್ಚಿಕೊಂಡುಬಿಡಲೇ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ. ಆ ಯೋಚನೆ ಬಂದದ್ದಕ್ಕೇ ಎಷ್ಟು ರೇಗಿತೆಂದರೆ, ಮೊಬೈಲನ್ನು ಮುಖದ ಹತ್ತಿರ ಹಿಡಿದು, ತುಟಿ ಮುಂದೆ ಚಾಚಿ, "ನಿನ್ ಮನೆ ಹಾಳಾಗ" ಎಂದೆ. ಹಸಿರು ದೀಪ ಬಂತು.

ಅಂದಿನಿಂದ ಅದೇ ಅಭ್ಯಾಸವಾಯಿತು. ಹತ್ತು ಗಂಟೆಗೆ ಗೇಟಿನಲ್ಲಿ ನಿಂತು ಯಾರನ್ನಾದರೂ ನೆನೆಸಿಕೊಂಡು ಮನಸಾರೆ ಕೋಪಿಸಿಕೊಳ್ಳುತ್ತಿದ್ದೆ. ಸೋಮವಾರ ಬಾಮಿನ ಕಂಪನಿ, ಮಂಗಳವಾರ ಅಂಗಡಿಯ ಹುಡುಗಿ, ಬುಧವಾರ ಆಂಟಿ ಎಂದ ಡಾಕ್ಟರು. ಬರೀ ತುಟಿ ಚಾಚಿದರೆ ಸಾಲದು, ಒಳಗಿನಿಂದ ಸಿಟ್ಟು ಬಂದರೇ ಹಸಿರು ದೀಪ. ದೇವರ ದಯೆ, ನನಗೆ ಆ ಸರಕಿಗೆ ಯಾವತ್ತೂ ಬರವಿಲ್ಲ. ಒಂದೂವರೆ ತಿಂಗಳು ಒಂದು ದಿನವೂ ತಪ್ಪಲಿಲ್ಲ.

ಮಾರ್ಚಿನ ಒಂದು ಶುಕ್ರವಾರ ಬೆಳಗಿನ ಜಾವ ರಮ್ಯನಿಗೆ ಹೆಣ್ಣುಮಗುವಾಯಿತು. ಸುಖವಾದ ಹೆರಿಗೆ. ನರ್ಸು ಮಗುವನ್ನು ತಂದು ನನ್ನ ಕೈಗೆ ಕೊಟ್ಟಳು. ಕಣ್ಣು ಬಿಟ್ಟಿರಲಿಲ್ಲ. ಕಡಲೆಬೀಜದಷ್ಟು ತುಟಿ, ಅದನ್ನು ಚಪ್ಪರಿಸುತ್ತಿತ್ತು. ನನ್ನಂಥವಳಿಗೂ ಅಳು ಬಂತು. ಆದರೆ ಗುಮಾಸ್ತೆಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆ ಹೋಗಿ ಮುಖ ತೋರಿಸಿ, ಅನುಮತಿ ಪಡೆದು ಬಂದರೆ ಇವತ್ತಿನ ರಜೆ ಉಳಿಯುತ್ತದೆ, ಮಗುವಿನ ಜೊತೆ ಮುಂದೆ ಇನ್ನೊಂದು ದಿನ ಸಿಗುತ್ತದೆ ಎಂದು ಲೆಕ್ಕ ಹಾಕಿ ಆಟೊ ಹಿಡಿದು ಮಲ್ಲೇಶ್ವರಕ್ಕೆ ಓಡಿದೆ.

ಗೇಟಿನಲ್ಲಿ ನಿಂತೆ. ತುಟಿ ಚಾಚಿದೆ. ಹೊಂದಿಕೆಯಾಗಲಿಲ್ಲ. ಕಂಪನಿಯನ್ನು ನೆನೆಸಿಕೊಂಡೆ, ಪಾಪ, ಎಷ್ಟು ಜನಕ್ಕೆ ಒಗ್ಗುತ್ತದೋ ಎನ್ನಿಸಿತು. ಅಂಗಡಿಯ ಹುಡುಗಿ ಜ್ಞಾಪಕಕ್ಕೆ ಬಂದಳು, ಅವಳಿಗೊಂದು ಪೇಡದ ಪೊಟ್ಟಣ ಕೊಡಬೇಕು ಎನ್ನಿಸಿತು. ಚಾಚಿದ ತುಟಿ ತನ್ನಷ್ಟಕ್ಕೆ ತಾನೇ ಅಗಲವಾಗಿ ನಗುತ್ತಿತ್ತು. ನಂಜುಂಡಯ್ಯನವರು ಗಡಿಯಾರ ನೋಡುತ್ತಾ ಓಡಿಬಂದರು.

"ಮೇಡಂ, ಹತ್ತೂ ಹದಿಮೂರಾಯ್ತು. ದಯವಿಟ್ಟು ಸ್ವಲ್ಪ ಸಿಟ್ ಮಾಡ್ಕೊಳ್ಳಿ."

"ಆಗ್ತಿಲ್ಲ ಸರ್."

"ನನ್ ಮೇಲಾದ್ರೂ ಮಾಡ್ಕೊಳ್ಳಿ. ನಾನ್ ಕೊಟ್ಟಿರೋ ತೊಂದ್ರೆ ಒಂದಾ ಎರಡಾ!"

ಅವರ ಬೋಳು ತಲೆ, ಗಾಬರಿಯ ಕಣ್ಣು ನೋಡಿ ಇನ್ನಷ್ಟು ನಗು ಬಂತು. ಹತ್ತೂಕಾಲು ದಾಟಿತು. ಹಾಜರಿಯಿಲ್ಲದೆ ಅನುಮತಿಯಿಲ್ಲ, ಆಸ್ಪತ್ರೆಗೆ ಮರಳಲು ಇಡೀ ದಿನಕ್ಕೆ ರಜೆಯನ್ನೇ ಬರೆದುಕೊಟ್ಟೆ. ಜತನವಾಗಿ ಕಾಪಾಡಿಕೊಂಡಿದ್ದ ರಜೆಯಲ್ಲಿ ಒಂದು ಹೋಯಿತು. ಅದು ಎಂಥ ಅನ್ಯಾಯವೆಂದು ಹೊಳೆದು ಸರಿಯಾಗಿ ಸಿಟ್ಟು ಬಂದದ್ದು ಮಧ್ಯಾಹ್ನ, ಆಸ್ಪತ್ರೆಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಾಗ. ತುಟಿ ಅಚ್ಚುಕಟ್ಟಾಗಿ ಊದಿಕೊಂಡಿತು. ಆದರೆ ಕಚೇರಿಯ ಗೇಟು ಅಲ್ಲಿಂದ ಏಳು ಕಿಲೋಮೀಟರ್ ದೂರದಲ್ಲಿತ್ತು.